ಮೂರು ಹಸಿರು ಗುಂಡಿ

ಅವಳನ್ನು ನಾನು ಮೊದಲು ನೋಡಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹತ್ತು ದಾಟಿ ಐದು ನಿಮಿಷಕ್ಕೆ. ಸಮಯ ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಹತ್ತು ಗಂಟೆಯ ವಿಮಾನ ನಮ್ಮ ಮನೆಯ ಮೇಲೆ ಹಾದುಹೋಗುವಾಗ ನಾನು ಸೂಜಿ ಕೆಳಗಿಟ್ಟು ಸುಮ್ಮನೆ ಕೂರುತ್ತೇನೆ. ಮನೆ ನಡುಗುವಾಗ ಗುಂಡಿ ತೂರುವ ಕಾಜಾ ಹಾಕಿದರೆ ಹೊಲಿಗೆ ಸೊಟ್ಟಗಾಗುತ್ತದೆ. ಆವತ್ತು ವಿಮಾನ ಐದು ನಿಮಿಷ ತಡ. ಅದು ಹೋದ ಮೇಲೆ ಸೂಜಿ ಎತ್ತಿಕೊಂಡು ತಲೆ ಎತ್ತಿದೆ. ಬಾಗಿಲಲ್ಲಿ ಒಂದು ಬಿಳಿ ಅಂಗಿ ನಿಂತಿತ್ತು. ಅಂಗಿಯ ಒಳಗೆ ಎಲ್ಲೋ ಒಂದು ಹುಡುಗಿ ಇದ್ದಳು.

ನನ್ನ ಕೆಲಸ ಅಂಗಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು. ನಮ್ಮವರು ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷದಿಂದ ಇದೇ ಕೆಲಸ, ಇದೇ ಕಿಟಕಿ, ಇದೇ ಮಣೆ. ಬಾಗಿಲಿಗೆ ಬಂದವರನ್ನು ಏನು ಬೇಕೆಂದು ಕೇಳುವುದು ವಾಡಿಕೆ. ಕೇಳಲು ಬಾಯಿ ತೆರೆದೆ.

"ಕಾಲರ್ ಹದಿನಾರು ಅಜ್ಜಿ, ನಂದು ಹದಿಮೂರು. ಕಂಪನೀಲಿ ಉಳಿದಿದ್ದು ಇದೊಂದೇ ಸೈಜು. ನಾಳೆ ಸಾಯಂಕಾಲದೊಳಗೆ ಬೇಕು. ಹೂಂ, ನಾನೇ ಪೈಲಟ್ಟು. ಇಲ್ಲ, ಭಯ ಆಗಲ್ಲ."

ನಾನು ಇನ್ನೂ ಒಂದು ಮಾತೂ ಆಡಿರಲಿಲ್ಲ. ತೆರೆದ ಬಾಯಿಯನ್ನು ಮುಚ್ಚಿಕೊಂಡು ಅಳತೆಯ ಪಟ್ಟಿ ತೆಗೆದೆ. ಭುಜದ ಹೊಲಿಗೆ ಅವಳ ಮೊಣಕೈಗೆ ಬಂದಿತ್ತು. ಹೆಗಲ ಮೇಲೆ ಹಾಕುವ ಚಿನ್ನದ ಬಣ್ಣದ ಎರಡು ಗೆರೆಯ ಪಟ್ಟಿ ಬೆನ್ನ ಕಡೆ ಜಾರಿ ನೇತಾಡುತ್ತಿತ್ತು.

"ಇದರೊಳಗೆ ಇನ್ನೊಬ್ಬರನ್ನ ಬಾಡಿಗೆಗೆ ಇಡಬಹುದಲ್ಲೇ ಮಗಳೇ," ಎಂದೆ.

ಬಾಡಿಗೆ ಎಂದದ್ದೇ ತಡ, ಅವಳ ಕಣ್ಣು ನನ್ನ ಬೆನ್ನ ಹಿಂದಿನ ಮೆಟ್ಟಿಲಿಗೆ ಹೋಯಿತು. "ಮೇಲೆ ರೂಮಿದ್ಯಾ? ಖಾಲಿನಾ? ಬರ್ತೀನಿ ಬಿಡಿ."

ಅವಳ ಕಂಪನಿ ಅಗ್ಗದ ಟಿಕೆಟ್ಟಿನ ವಿಮಾನ ಕಂಪನಿ. ಅಲ್ಲಿ ಹೊಸದಾಗಿ ಸೇರಿದವರು ಅರ್ಧ ದಿನ ಹಾರಬೇಕು, ಉಳಿದರ್ಧ ಫೋನಿನ ಮುಂದೆ ಕಾದು ಕೂರಬೇಕು. ಫೋನು ಬಂದ ಒಂದು ಗಂಟೆಯೊಳಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ವಿಮಾನದ ಹತ್ತಿರ ನಿಂತಿರಬೇಕು. ಅವಳಿದ್ದದ್ದು ಊರಿನ ಆ ತುದಿಯಲ್ಲಿ. ನನ್ನ ಬಾಗಿಲಿನಿಂದ ವಿಮಾನ ನಿಲ್ದಾಣದ ಗೇಟಿಗೆ ನಡೆದರೆ ಹನ್ನೊಂದು ನಿಮಿಷ. ಅವಳು ಆಗಲೇ ಹೋಗಿ ಬಂದು, ಗಡಿಯಾರ ನೋಡಿ, "ಓಡಿದ್ರೆ ಆರು," ಎಂದಳು. ಗುರುವಾರ ಪೆಟ್ಟಿಗೆ ತಂದಳು.

ಕೇಳುವ ಮೊದಲೇ ಉತ್ತರ ಕೊಡುವ ಚಾಳಿ ಎಲ್ಲಿಂದ ಬಂತೆಂದು ಆಮೇಲೆ ತಿಳಿಯಿತು. ಹಾರುವುದು ಕಲಿಯುವ ಮೊದಲು ನಾಲ್ಕು ವರ್ಷ ಅವಳು ಅದೇ ಕಂಪನಿಯ ಕೌಂಟರಿನಲ್ಲಿ ಕೂತು ಜನರ ಬ್ಯಾಗು ತೂಗುತ್ತಿದ್ದಳು. ದಿನಕ್ಕೆ ಮುನ್ನೂರು ಜನ, ಅವರೆಲ್ಲ ಕೇಳುವುದು ಐದೇ ಪ್ರಶ್ನೆ. ಎದುರಿಗಿದ್ದವರ ಹುಬ್ಬು ಏಳುತ್ತಿದ್ದಂತೆ ಇವಳು, "ಎಡಗಡೆ ತಿರುಗಿ ಕೊನೇಲಿದೆ," ಎಂದುಬಿಡುವಳು. ಚುರುಕಿನ ಹುಡುಗಿ ಎಂದು ಕಂಪನಿಯವರು ಒಂದು ತಿಂಗಳು ಅವಳ ಫೋಟೋವನ್ನು ಗೋಡೆಗೆ ಹಾಕಿದ್ದರಂತೆ. ಆ ಚುರುಕೇ ಮುಂದೆ ಅವಳ ಕುತ್ತಿಗೆಗೆ ಬಂತು.

ರೂಮಿಗೆ ಬಂದ ಮಾರನೆಯ ದಿನವೇ ಅವಳು ಮಂಚವನ್ನು ಮೂಲೆಗೆ ತಳ್ಳಿ ವಿಮಾನ ಕಟ್ಟಿದಳು. ದೊಡ್ಡ ರಟ್ಟಿನ ಮೇಲೆ ವಿಮಾನದ ಮುಂಭಾಗದ ಚಿತ್ರ ಅಂಟಿಸಿದ್ದಳು. ಪೈಲಟ್ಟಿನ ಎದುರಿಗಿರುವ ಗಡಿಯಾರ, ದೀಪ, ತಿರುಗಿಸುವ ಗುಬುಟು ಎಲ್ಲವೂ ಅದರಲ್ಲಿದ್ದವು. ಅದನ್ನು ಎದುರು ಗೋಡೆಗೆ ನಿಲ್ಲಿಸಿದಳು. ಇನ್ನೊಂದು ಹಾಳೆ ಪೈಲಟ್ಟಿನ ತಲೆಯ ಮೇಲೆ ಬರಬೇಕು, ಅದನ್ನು ಸೂರಿಗೆ ಅಂಟಿಸಿದಳು. ಅದು ದಿನಕ್ಕೆ ಎರಡು ಸಲ ಕಳಚಿ ಅವಳ ತಲೆಯ ಮೇಲೇ ಬೀಳುತ್ತಿತ್ತು. ಕೆಳಗಿನಿಂದ ನನ್ನ ಎರಡು ಕುರ್ಚಿ ಹೋದವು. ಎಂಜಿನ್ನಿನ ಹಿಡಿಕೆಗೆಂದು ಎರಡು ಸೌಟು ಹೋದವು. ಬಲಗಡೆಯ ಕುರ್ಚಿಯಲ್ಲಿ ಅವಳು, ಎಡಗಡೆಯದರಲ್ಲಿ ಕ್ಯಾಪ್ಟನ್. ಕ್ಯಾಪ್ಟನ್ ಎಂದರೆ ಟೈ ಕಟ್ಟಿದ ಒಂದು ದಿಂಬು.

ಪಕ್ಕದ ಮನೆಯ ಡ್ರೈವರಣ್ಣ ಮೂವತ್ತೊಂದು ವರ್ಷ ಸಿಟಿ ಬಸ್ಸು ಓಡಿಸಿ ನಿವೃತ್ತನಾದವನು. ಅವನ ಗೋಡೆಗೂ ನನ್ನ ಗೋಡೆಗೂ ನಡುವೆ ಒಂದು ಮೊಳ ಜಾಗವೂ ಇಲ್ಲ. ಒಂದು ಭಾನುವಾರ ಮಧ್ಯಾಹ್ನ ಮೇಲಿನಿಂದ ಕೂಗು ಕೇಳಿಸಿತು: "ಬೆಂಕಿ! ಎಡಗಡೆ ಎಂಜಿನ್‌ಗೆ ಬೆಂಕಿ!" ಅವಳು ದಿನವೂ ಹೀಗೆ ಕೂಗುತ್ತಿದ್ದುದರಿಂದ ನಾನು ತಲೆ ಎತ್ತಲಿಲ್ಲ. ಆದರೆ ಡ್ರೈವರಣ್ಣ ಒಂದು ವಾರ ತಂಗಿಯ ಮನೆಯಲ್ಲಿದ್ದು ಆವತ್ತೇ ಬಂದಿದ್ದ, ಅವನಿಗೆ ಇದೇನೂ ಗೊತ್ತಿರಲಿಲ್ಲ. ತುಂಬಿದ ಬಕೆಟ್ಟಿನೊಂದಿಗೆ ನನ್ನ ಪಕ್ಕದಲ್ಲೇ ದಡದಡನೆ ಮೆಟ್ಟಿಲೇರಿದ. ನಾನು ಹಿಂದೆಯೇ ಓಡಿಹೋಗಿ ನೋಡುವಷ್ಟರಲ್ಲಿ ಎಡಗಡೆಯ ಕುರ್ಚಿಯ ಮೇಲೆ ಪೂರ್ತಿ ಬಕೆಟ್ ಸುರಿದಾಗಿತ್ತು. ಕ್ಯಾಪ್ಟನ್ನಿನ ಟೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಎಲ್ಲಿ ಬೆಂಕಿ?" ಎಂದು ಡ್ರೈವರಣ್ಣ ಏದುಸಿರು ಬಿಟ್ಟ.

"ಆರ್‍ತು ಮಾಮ," ಎಂದಳು ಹುಡುಗಿ. ಸೌಟು ಇನ್ನೂ ಅವಳ ಕೈಯಲ್ಲಿತ್ತು.

"ಇದ್ಯಾರು?"

"ಕ್ಯಾಪ್ಟನ್ನು."

"ದಿಂಬಲ್ವೇನಮ್ಮಾ?"

"ದಿಂಬೇ. ಆದ್ರೆ ಈ ಕ್ಯಾಪ್ಟನ್ ಬೈಯಲ್ಲ."

ಆವತ್ತಿನಿಂದ ಡ್ರೈವರಣ್ಣನಿಗೆ ದಿನವೂ ಮೇಲೇ ಹಾಜರಿ. ರಟ್ಟಿನ ಮುಂದೆ ಕೈಕಟ್ಟಿ ನಿಂತು, ಬಸ್ಸು ತಪಾಸಣೆ ಮಾಡುವವನ ಹಾಗೆ ನೋಡಿ, "ಹಾರ್ನ್ ಎಲ್ಲಿದೆ?" ಎಂದು ಕೇಳಿದ. ಕೆಳಗಿರುವ ಮೆಕ್ಯಾನಿಕ್ಕನ್ನು ಕರೆಯಲು ವಿಮಾನಕ್ಕೂ ಒಂದು ಹಾರ್ನ್ ಉಂಟೆಂದು ಅವಳು ತೋರಿಸಿದಳು. ಅವನಿಗೆ ಸಮಾಧಾನವಾಯಿತು. "ಹಾಗಾದ್ರೆ ಗಾಡಿನೇ ಬಿಡು," ಎಂದ.

ಅಂಗಿ ಮೈಗೆ ಸರಿಹೊಂದಿದ ಮೇಲೆ ಅವಳು ನಿಜವಾದ ಕ್ಯಾಪ್ಟನ್ನರ ಪಕ್ಕದಲ್ಲಿ ಕೂತು ಹಾರಲು ಶುರುಮಾಡಿದಳು. ಹಾರುವುದೆಂದರೆ ಮೋಡ, ಚಂದ್ರ ಎಂದೆಲ್ಲ ನಾನು ಅಂದುಕೊಂಡಿದ್ದೆ. ಅವಳು ಹೇಳುವುದು ಕೇಳಿದರೆ ಸಂತೆಯ ದಿನದ ಬಸ್ಸೇ ವಾಸಿ. ದಿನಕ್ಕೆ ನಾಲ್ಕು ಸಲ ಏರುವುದು, ನಾಲ್ಕು ಸಲ ಇಳಿಯುವುದು. ಇಳಿದು ಮತ್ತೆ ಏರುವುದರ ನಡುವೆ ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ನೂರೆಂಬತ್ತು ಜನ ಇಳಿಯಬೇಕು, ನೂರೆಂಬತ್ತು ಜನ ಹತ್ತಬೇಕು, ಇವಳು ಹಳದಿ ಕೋಟು ಹಾಕಿಕೊಂಡು ಕೆಳಗಿಳಿದು ಟಯರು, ರೆಕ್ಕೆ ಎಲ್ಲ ಸುತ್ತಿ ನೋಡಬೇಕು, ಬಂದು ಲೆಕ್ಕ ಬರೆಯಬೇಕು. ಕಂಪನಿ ಊಟ ಕೊಡುವುದಿಲ್ಲ. ಡಬ್ಬಿಯನ್ನು ನಾನು ಕಟ್ಟುತ್ತಿದ್ದೆ. ಡಬ್ಬಿ ಎಷ್ಟೋ ದಿನ ಹೋದ ಹಾಗೇ ವಾಪಸು ಬರುತ್ತಿತ್ತು.

"ತಿನ್ನೋಕೆ ಏಳು ನಿಮಿಷ ಇತ್ತು ಅಜ್ಜಿ. ಅದರಲ್ಲಿ ಆರು ನಿಮಿಷ ನಿಮ್ಮ ಡಬ್ಬಿ ಮುಚ್ಚಳ ತೆಗೆಯೋದ್ರಲ್ಲಿ ಹೋಯ್ತು."

ಆಮೇಲೆ ನಾನು ಮುಚ್ಚಳ ಬಿಗಿಯಾಗಿ ಹಾಕುವುದನ್ನು ಬಿಟ್ಟೆ. ಒಂದು ದಿನ ಅವಳ ಬ್ಯಾಗಿನ ತುಂಬ ಮೊಸರಾಯಿತು. ಅದು ನನ್ನ ತಪ್ಪು.

ನಾಲ್ಕು ತಿಂಗಳು ಕಳೆದ ಮೇಲೆ ಪರೀಕ್ಷೆ ಬಂತು. ಕಂಪನಿಯವರು ಪರೀಕ್ಷೆ ಮಾಡುವುದು ನೆಲದ ಮೇಲಿನ ಸುಳ್ಳು ವಿಮಾನದಲ್ಲಿ. ಒಂದು ದೊಡ್ಡ ಡಬ್ಬ, ಕಬ್ಬಿಣದ ಕಾಲುಗಳ ಮೇಲೆ ಕುಣಿಯುತ್ತದೆ. ಒಳಗೆ ಕೂತವರಿಗೆ ಹಾರಿದ ಹಾಗೇ ಆಗುತ್ತದಂತೆ. ಪರೀಕ್ಷೆ ಮಾಡುವ ಕ್ಯಾಪ್ಟನ್ನರನ್ನು ಹೊಸ ಪೈಲಟ್ಟುಗಳೆಲ್ಲ ಬೆನ್ನ ಹಿಂದೆ ಕೆಂಪು ಪೆನ್ನು ಎಂದೇ ಕರೆಯುತ್ತಿದ್ದರು. ಅವರು ಪಟ್ಟಿ ಹಿಡಿದು ಒಂದೊಂದೇ ಕೇಳಬೇಕು, ಇವಳು ನೋಡಿ ಉತ್ತರ ಹೇಳಬೇಕು. ವಿಮಾನ ಇಳಿಯುವ ಮೊದಲು ಚಕ್ರಗಳು ಹೊರಬಂದಿವೆಯೇ ಎಂದು ಕೇಳುತ್ತಾರೆ. ಚಕ್ರ ಮೂರು, ಅವಕ್ಕೆ ಹಸಿರು ದೀಪವೂ ಮೂರು. ಮೂರೂ ಹತ್ತಿದ್ದರೆ ಮಾತ್ರ ಇಳಿಯಬಹುದು.

ಆವತ್ತು ಕೆಂಪು ಪೆನ್ನು ಬೇಕೆಂದೇ ಒಂದು ದೀಪ ಆರಿಸಿ, "ಚಕ್ರ..." ಎಂದರಂತೆ. ಇವಳು, "ಕೆಳಗಿದೆ, ಮೂರು ಹಸಿರು," ಎಂದಳಂತೆ. ಅವರು ಇನ್ನೂ ಬಾಯಿ ಮುಚ್ಚಿರಲಿಲ್ಲ. ವಿಮಾನ ಒಂದು ಮಗ್ಗುಲಿಗೆ ಕುಸಿದು, ಎದುರಿನ ಪರದೆ ಕೆಂಪಾಗಿ ನಿಂತಿತಂತೆ.

ಮನೆಗೆ ಬಂದವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಕೈಯಲ್ಲಿ ಒಂದು ಕಾಗದ.

"ಏನು ಬರೆದಿದ್ದಾರೆ?" ಎಂದೆ. ಈ ಸಲ ನನ್ನ ಪ್ರಶ್ನೆ ಪೂರ್ತಿಯಾಗುವವರೆಗೂ ಅವಳು ಬಾಯಿ ಬಿಡಲಿಲ್ಲ. ಅಷ್ಟು ದುಃಖವಾಗಿತ್ತು.

"ಕೇಳೋಕ್ ಮುಂಚೆ ಹೇಳ್ತಾಳೆ, ನೋಡ್ದೇ ಹೇಳ್ತಾಳೆ ಅಂತ. ಇನ್ನೊಂದೇ ಸಲ ಅಜ್ಜಿ. ಒಂಬತ್ತು ದಿನ ಬಿಟ್ಟು. ಅದೂ ಹೋದ್ರೆ ಕಂಪನಿಯಿಂದ ಹೊರಗೆ. ಹೀಗೆ ಹೊರಗೆ ಹಾಕಿದೋರ್‍ನ ಇನ್ಯಾವ ಕಂಪನಿನೂ ತಗೊಳ್ಳಲ್ಲ. ಮತ್ತೆ ಬ್ಯಾಗ್ ತೂಗೋಕೆ ಹೋಗ್ಬೇಕು."

ಡ್ರೈವರಣ್ಣ ಅಂಗಳದ ಬೇಲಿಯ ಮೇಲಿಂದಲೇ, "ನಾನು ಓದ್ತೀನಿ, ನೀನು ಹೇಳು. ಇಬ್ಬರೂ ಡ್ರೈವರ್‍ಗಳು ಕಣಮ್ಮ, ಬೇಗ ಆಗುತ್ತೆ," ಎಂದ. ನನಗೆ ಅರ್ಥವಾಗಲಿ ಎಂದು ಅವಳು ಆ ಪಟ್ಟಿಯನ್ನು ಮೊದಲೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟಿದ್ದಳು. ಡ್ರೈವರಣ್ಣ ಒದ್ದೆಯಾಗಿ ಒಣಗಿದ ದಿಂಬನ್ನು ಎತ್ತಿ ಆಚೆ ಇಟ್ಟು, ಎಡಗಡೆ ಕೂತು ಓದತೊಡಗಿದ. ಅವನು ಓದಿದ್ದು ಗಾಳಿಯ ವೇಗದಲ್ಲಿ, ಅವಳು ಹೇಳಿದ್ದು ಅದಕ್ಕಿಂತ ವೇಗದಲ್ಲಿ. ನಡುವೆ ಅವನು ತನ್ನದೂ ಸೇರಿಸುತ್ತಿದ್ದ. "ರೆಕ್ಕೆ?" "ಬಿಚ್ಚಿದೆ." "ಸ್ಪೀಡು?" "ಸರಿಯಿದೆ." "ಫುಟ್‌ಬೋರ್ಡ್ ಮೇಲೆ ಯಾರೂ ನಿಂತಿಲ್ಲ ತಾನೆ?" "ಇಲ್ಲ."

ಅವಳು ನಿಜವಾಗಿಯೂ ಇಲ್ಲ ಎಂದಳು. ನಾನು ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ.

"ಏಳಪ್ಪಾ, ನೀನು ಏಳು," ಎಂದು ಅವನನ್ನು ಎಬ್ಬಿಸಿ ನಾನು ಕೂತೆ.

ನಾನು ಓದಿದ್ದು ಎರಡನೇ ಕ್ಲಾಸು. ಅಕ್ಷರ ಬರುತ್ತದೆ, ಆದರೆ ಒಂದೊಂದಾಗಿ ಬರುತ್ತದೆ. ಬೆರಳಿಟ್ಟುಕೊಂಡು, ಒತ್ತಿಗೆ ಒತ್ತು, ಸೊನ್ನೆಗೆ ಸೊನ್ನೆ ಕೂಡಿಸಿ ಓದಬೇಕು. "ಚ," ಎಂದೆ. "ಕೆಳಗಿದೆ, ಮೂರು ಹಸಿರು," ಎಂದಳು. ನಾನು ಬೆರಳು ತೆಗೆದು ಪಟ್ಟಿಯ ಮೊದಲ ಸಾಲಿಗೆ ಹೋದೆ.

"ಯಾಕಜ್ಜಿ?"

"ಕಾಜಾದಲ್ಲಿ ಒಂದು ಹೊಲಿಗೆ ಹಾರಿದರೆ ಪೂರ್ತಿ ಬಿಚ್ಚಿ ಮತ್ತೆ ಹಾಕಬೇಕು. ನಾನು ಇನ್ನೂ ಕೇಳಿ ಮುಗಿಸಿಲ್ಲ."

ಪಟ್ಟಿಯಲ್ಲಿ ಹದಿನಾಲ್ಕು ಸಾಲು ಇದ್ದವು. ಮೊದಲ ದಿನ ನಾವು ಆರನೆಯ ಸಾಲು ದಾಟಲಿಲ್ಲ. ಅವಳು ಕುರ್ಚಿಯ ಕೈ ಹಿಡಿದು, ತುಟಿ ಕಚ್ಚಿ, ನನ್ನ ಬೆರಳನ್ನೇ ನುಂಗುವ ಹಾಗೆ ನೋಡುತ್ತಿದ್ದಳು. "ರೆ," ಎಂದು ನಾನು ಕನ್ನಡಕ ಒರೆಸಿಕೊಂಡರೆ ಅವಳಿಗೆ ಬೆವರು. ಡ್ರೈವರಣ್ಣ ಮಂಚದ ಮೇಲೆ ಕೂತು, "ಅಕ್ಕ, ನೀನು ಓದಿ ಮುಗಿಸೋದ್ರೊಳಗೆ ಪೆಟ್ರೋಲ್ ಖಾಲಿಯಾಗುತ್ತೆ," ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಎರಡನೆಯ ದಿನದ ಹೊತ್ತಿಗೆ ಅವಳು ಕಾಯಲು ಕಲಿತಳು. ಆದರೆ ಕಾದು ಕಾದು, ನನ್ನ ಬಾಯಿ ಮುಚ್ಚಿದ ಕೂಡಲೇ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ನೋಡುವ ಚಾಳಿ ಇನ್ನೂ ಬಂದಿರಲಿಲ್ಲ. ಚಿತ್ರದಲ್ಲಿ ಬಿಡಿಸಿದ ದೀಪ ಯಾವಾಗಲೂ ಹಸಿರೇ. ಅದನ್ನು ನೋಡಿದರೇನು, ಬಿಟ್ಟರೇನು? ನಾನು ಕೆಳಗೆ ಹೋಗಿ ಗುಂಡಿಯ ಡಬ್ಬಿ ತೆರೆದೆ. ಹಿಂದೆ ಯಾರದೋ ಕೋಟಿಗೆಂದು ತಂದು ಉಳಿದಿದ್ದ ಮೂರು ಹಸಿರು ಗುಂಡಿ ಸಿಕ್ಕಿದವು. ಅವನ್ನು ಗುಂಡುಸೂಜಿಯಿಂದ ರಟ್ಟಿನಲ್ಲಿ ದೀಪಗಳ ಜಾಗದಲ್ಲಿ ಸಿಕ್ಕಿಸಿದೆ.

"ಅಯ್ಯೋ, ಚೆನ್ನಾಗಿದೆ ಅಜ್ಜಿ!" ಎಂದಳು.

ಅವಳು ನೀರು ಕುಡಿಯಲು ಆ ಕಡೆ ತಿರುಗಿದಾಗ ನಡುವಿನದನ್ನು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಪಟ್ಟಿ ಓದಿದೆ. ಚಕ್ರದ ಸಾಲು ಬಂತು.

"ಕೆಳಗಿದೆ, ಮೂರು ಹಸಿರು."

"ಎರಡೇ ಇದೆ ಮಗಳೇ," ಎಂದೆ.

ಡ್ರೈವರಣ್ಣ ಎದ್ದು ನಿಂತು ತಲೆಯ ಟೋಪಿ ತೆಗೆದ. "ನೂರೆಂಬತ್ತು ಜನ," ಎಂದು ನಿಟ್ಟುಸಿರು ಬಿಟ್ಟ.

ಆವತ್ತು ಒಂದೇ ದಿನ ನಮ್ಮ ಮನೆಯ ಮೇಲೆ ಹನ್ನೊಂದು ವಿಮಾನ ಬಿದ್ದವು. ಮಾರನೆಯ ದಿನ ಏಳು. ಆಮೇಲೆ ನಾನೂ ಜಾಣೆಯಾದೆ. ಕೆಲವು ಸಲ ಗುಂಡಿ ತೆಗೆಯದೆಯೇ ಸೊಂಟ ಮುಟ್ಟಿಕೊಳ್ಳುತ್ತಿದ್ದೆ. ಅವಳು, "ಎರಡು!" ಎಂದು ಕೂಗುವಳು. ಮೂರೂ ಅಲ್ಲೇ ಇರುತ್ತಿದ್ದವು. ಒಂದು ಸಲ ಹಸಿರಿನ ಬದಲು ಕಂದು ಗುಂಡಿ ಇಟ್ಟೆ. ಐದನೆಯ ದಿನ ಅವಳು ಬೆರಳು ಚಾಚಿ ಒಂದೊಂದನ್ನೂ ಮುಟ್ಟಿ ಎಣಿಸತೊಡಗಿದಳು. ಕಡಿಮೆಯಿದ್ದರೆ, ಕಣ್ಣನ್ನು ರಟ್ಟಿನಿಂದ ಕೀಳದೆ, ಎಡಗೈಯನ್ನು ನನ್ನ ಕಡೆ ಚಾಚಿ, "ಅಜ್ಜಿ, ಮೂರನೇ ಗುಂಡಿ ಕೊಡಿ," ಎನ್ನುವಳು. ನಾನು ಕೊಡುವೆ. ಹೀಗೆ ಅಭ್ಯಾಸವಾಯಿತು.

ಅಭ್ಯಾಸ ಮೈಗೆ ಹತ್ತಿದ ಮೇಲೆ ಮನೆಯಲ್ಲಿ ಬೇರೆ ಪಜೀತಿ. ಮೊದಲು ಕೇಳುವ ಮೊದಲೇ ಹೇಳುತ್ತಿದ್ದವಳು ಈಗ ಕೇಳಿದರೂ ಹೇಳುವವಳಲ್ಲ. "ಊಟ ಆಯ್ತೇನಮ್ಮ?" ಎಂದು ಡ್ರೈವರಣ್ಣ ಕೇಳಿದರೆ, ಅವನ ಮಾತು ಪೂರ್ತಿ ಮುಗಿಯಿತೆಂದು ಖಾತ್ರಿ ಮಾಡಿಕೊಂಡು, ತಟ್ಟೆ ನೋಡಿ, ಲೋಟ ನೋಡಿ, ಕೈ ನೋಡಿಕೊಂಡು, "ಆಗಿದೆ," ಎನ್ನುವಳು. ಕಂಪನಿಯಿಂದ ಫೋನು ಬಂದರೆ ಆ ಕಡೆಯ ಹೆಂಗಸು, "ಹಲೋ? ಹಲೋ? ಇದ್ದೀರಾ?" ಎಂದು ಮೂರು ಸಲ ಕೇಳಬೇಕು. ಇವಳು ಸುತ್ತ ಕಣ್ಣಾಡಿಸಿ, "ಇದ್ದೀನಿ," ಎನ್ನುವಳು.

ಪೈಲಟ್ಟುಗಳಿಬ್ಬರೂ ಒಂದೇ ಊಟ ಮಾಡಬಾರದೆಂದು ಒಂದು ನಿಯಮವಿದೆಯಂತೆ, ಕೆಟ್ಟ ಊಟವಾದರೆ ಇಬ್ಬರೂ ಒಟ್ಟಿಗೆ ಕಾಯಿಲೆ ಬೀಳಬಾರದಲ್ಲ. ಅದನ್ನು ಕೇಳಿದ ಡ್ರೈವರಣ್ಣ, "ಈಗ ಕ್ಯಾಪ್ಟನ್ ನೀನೇ ತಾನೇ ಅಕ್ಕ? ನಿಂಗೆ ಬೇರೆ ಅಡುಗೆ ಆಗ್ಬೇಕು," ಎಂದ. ಒಂಬತ್ತು ದಿನವೂ ನನ್ನ ಪಾಲಿನ ಊಟ ಅವನ ಮನೆಯಿಂದ ಬಂತು. ಉಪ್ಪು ಜಾಸ್ತಿ. ಆದರೆ ನಿಯಮವೆಂದರೆ ನಿಯಮ.

ಪರೀಕ್ಷೆಯ ದಿನ ಮಧ್ಯಾಹ್ನ ಎರಡಕ್ಕೆ ಅವಳ ಸರದಿ. ನಾನು ಅಂಗಿಯ ಏಳೂ ಗುಂಡಿಯನ್ನು ಜಗ್ಗಿ ನೋಡಿ ಕಳಿಸಿದೆ. ಆಮೇಲೆ ಒಂದೂ ಕಾಜಾ ಹಾಕಲಾಗಲಿಲ್ಲ. ಹಾಕಿದ ಎರಡನ್ನು ಬಿಚ್ಚಿದೆ. ಡ್ರೈವರಣ್ಣ ಬೀದಿಯ ತುದಿಗೂ ಮನೆಗೂ ನಡುವೆ ಹದಿನೆಂಟು ಟ್ರಿಪ್ಪು ಹೊಡೆದ. ನಾನು ಎಣಿಸಿದೆ. ಐದೂವರೆಗೆ ಅವಳು ಬಂದಳು. ಮುಖ ನೋಡಿದರೆ ಅತ್ತಿದ್ದಾಳೋ ನಕ್ಕಿದ್ದಾಳೋ ಹೇಳುವ ಹಾಗಿರಲಿಲ್ಲ.

"ಏನಾಯ್ತು?" ಎಂದೆವು ಇಬ್ಬರೂ.

ಅವಳು ನಮ್ಮ ಪ್ರಶ್ನೆ ಮುಗಿಯಲು ಕಾದಳು. ಡ್ರೈವರಣ್ಣ ತಲೆ ಚಚ್ಚಿಕೊಂಡ. "ಮುಗೀತಮ್ಮಾ ತಾಯಿ, ಹೇಳು!"

"ಚಕ್ರ ಅಂದ್ರು ಮಾಮ. ಪೂರ್ತಿ ಅನ್ನೋವರೆಗೂ ಕಾದೆ. ಬೆರಳಿಟ್ಟು ಎಣಿಸಿದೆ. ಒಂದು, ಎರಡು. ಮೂರನೇದು ಇಲ್ಲ. ಆಮೇಲೆ..." ಎಂದು ಕೈಯಿಂದ ಮುಖ ಮುಚ್ಚಿಕೊಂಡಳು. "ಆಮೇಲೆ ಅವರ ಕಡೆ ಕೈ ಚಾಚಿಬಿಟ್ಟೆ ಅಜ್ಜಿ. 'ಅಜ್ಜಿ, ಮೂರನೇ ಗುಂಡಿ ಕೊಡಿ' ಅಂದೆ."

"ಯಾರಿಗೆ? ಕೆಂಪು ಪೆನ್ನಿಗಾ?"

"ಹೂಂ. ಅವರು ಗಾಬರಿಯಾಗಿ ತಮ್ಮ ಅಂಗಿ ಮುಟ್ಟಿ ನೋಡ್ಕೊಂಡ್ರು."

ಆದರೆ ಕೈ ಚಾಚಿದವಳು ಇನ್ನೊಂದು ಕೈಯಿಂದ ಮಾಡಬೇಕಾದದ್ದನ್ನು ಬಿಡಲಿಲ್ಲ. ಇಳಿಯದೆ ವಿಮಾನವನ್ನು ಮತ್ತೆ ಮೇಲೆತ್ತಿ, ಸುತ್ತು ಹೊಡೆದು, ಮೂರೂ ದೀಪ ಹತ್ತಿದ ಮೇಲೆ ಮುಟ್ಟಿ ಎಣಿಸಿ ಇಳಿಸಿದ್ದಳು. ಕಾಗದವನ್ನು ನನ್ನ ಕೈಗೆ ಕೊಟ್ಟಳು. ಅದರಲ್ಲಿದ್ದ ಇಂಗ್ಲಿಷ್ ಅಕ್ಷರ ನನಗೆ ಬಾರದು, ಅವಳೇ ಓದಿ ಹೇಳಿದಳು: "ಪಾಸು. ಕೇಳಿದ ಮೇಲೆ ಹೇಳುತ್ತಾಳೆ, ನೋಡಿ ಹೇಳುತ್ತಾಳೆ." ಅಜ್ಜಿ ಯಾರು ಎಂದು ಕೆಂಪು ಪೆನ್ನು ಕೊನೆಯಲ್ಲಿ ಕೇಳಿದರಂತೆ. "ನನಗೆ ಕಲಿಸಿದ ಕ್ಯಾಪ್ಟನ್ ಸಾರ್," ಎಂದಳಂತೆ. ಎಷ್ಟು ಗಂಟೆ ಹಾರಿದ ಅನುಭವ ಎಂದು ಅವರು ಕೇಳಿದ್ದಕ್ಕೆ ಇವಳು ಯೋಚಿಸಿ, "ಒಂಬತ್ತು ದಿನ, ಹದಿನಾಲ್ಕು ಸಾಲು," ಎಂದಳಂತೆ.

ಅದಾದ ಮೇಲೆ ಅವಳು ಇನ್ನೂ ಏಳು ತಿಂಗಳು ನನ್ನ ಮನೆಯಲ್ಲಿದ್ದಳು. ಕಂಪನಿ ಎರಡನೆಯ ಅಂಗಿ ಕೊಟ್ಟಿತು, ಅದರ ಕಾಲರ್ ಹದಿನೇಳು. ಹತ್ತು ಗಂಟೆಯ ವಿಮಾನ ಅವಳದೇ ಆದ ದಿನ ನಾನು ಸೂಜಿ ಕೆಳಗಿಟ್ಟು ಅಂಗಳಕ್ಕೆ ಬರುತ್ತಿದ್ದೆ. ಇಳಿಯಲು ಬರುವ ವಿಮಾನವನ್ನು ಕೆಳಗಿನಿಂದ ನೋಡಿದರೆ ಹೊಟ್ಟೆಯಡಿ ಮೂರು ಚಕ್ರ ಚೆನ್ನಾಗಿ ಕಾಣುತ್ತವೆ. ಎಣಿಸಿ ಒಳಗೆ ಹೋಗುತ್ತಿದ್ದೆ.

ಒಂದು ಬುಧವಾರ ಫೋನಿಗೆ ಎರಡು ಸಾಲಿನ ಸುದ್ದಿ ಬಂತು. ಶುಕ್ರವಾರದಿಂದ ಅವಳು ಬೇರೆ ಊರಿನಿಂದ ಹಾರಬೇಕು. ಕಂಪನಿಯಲ್ಲಿ ಎಲ್ಲವೂ ಹೀಗೇ, ಅಂಗಿಯಾಗಲಿ ಊರಾಗಲಿ ಕೊಟ್ಟದ್ದನ್ನು ತೊಟ್ಟುಕೊಳ್ಳಬೇಕು. ಎರಡು ದಿನದಲ್ಲಿ ಪೆಟ್ಟಿಗೆ ಕಟ್ಟಿದಳು. ರಟ್ಟಿನ ವಿಮಾನವನ್ನು ಒಯ್ಯಲಿಲ್ಲ. "ಮಾಮ ಓಡಿಸ್ಕೊಳ್ಳಲಿ," ಎಂದಳು. ಅವನು ಈಗಲೂ ದಿನಾ ಹೋಗಿ ಎಡಗಡೆ ಕೂರುತ್ತಾನೆ. ಸೌಟು ಮಾತ್ರ ಕೆಳಗೆ ತಂದಿದ್ದೇನೆ. ರಟ್ಟಿನಲ್ಲಿ ಈಗ ಎರಡೇ ಹಸಿರು ಗುಂಡಿ ಇವೆ. ಮೂರನೆಯದರ ಗುಂಡುಸೂಜಿ ಪಕ್ಕದಲ್ಲೇ ಅಚ್ಚುಕಟ್ಟಾಗಿ ಚುಚ್ಚಿದೆ. ಇದನ್ನು ನಾನು ನೋಡಿದ್ದು ಅವಳು ಹೋದ ಮೇಲೆ.

ಹೊರಡುವಾಗ ನಾನು ಅಂಗಳದಲ್ಲಿದ್ದೆ. ಬೀದಿಯ ತುದಿಯಲ್ಲಿ ಕಂಪನಿಯ ವ್ಯಾನು ನಿಂತಿತ್ತು. ಡ್ರೈವರಣ್ಣ ಪೆಟ್ಟಿಗೆ ಎಳೆದುಕೊಂಡು ಮುಂದೆ ಹೋಗಿದ್ದ. ಅವಳು ಡಬ್ಬಿ ತೆಗೆದುಕೊಂಡು, ಮುಚ್ಚಳ ಜಗ್ಗಿ ನೋಡಿ, ಗೇಟು ದಾಟಿದವಳು ತಿರುಗಿ ನಿಂತಳು. ಒಂದು ಕೈ ಜೇಬಿನೊಳಗಿತ್ತು.

"ಅಜ್ಜಿ, ಮೇಲೆ ಗುಂಡಿ ಎಷ್ಟಿದೆ?"

"ಮೂರು," ಎಂದೆ.

ಅವಳು ನಗು ತಡೆದುಕೊಂಡು, ನಾನು ಹೇಳಿ ಮುಗಿಸಿದೆನೆಂದು ಖಾತ್ರಿ ಮಾಡಿಕೊಂಡು, ಒಂದೇ ಒಂದು ಮಾತು ಕೇಳಿದಳು.

"ನೋಡಿ ಹೇಳಿದ್ರಾ?"